ಮಕ್ಕಳು ಹಾಕಿದ ಪಟ್ಟಿ ಪಕ್ಕಕ್ಕಿರಲಿ: ಐರ್ಲೆಂಡಿಗೆ ಬರುತ್ತಿರುವ ಅಪ್ಪ ಅಮ್ಮಂದಿರಿಗೆ ಬಹಿರಂಗ ಪತ್ರ

ಮಾನ್ಯ ಹಿರಿಯರೇ,

ಮೇ ತಿಂಗಳು ಬಂತೆಂದರೆ ಡಬ್ಲಿನ್ ವಿಮಾನ ನಿಲ್ದಾಣದಲ್ಲಿ ನಿಮ್ಮನ್ನು ಗುರುತಿಸುವುದು ಕಷ್ಟವೇನಲ್ಲ. ಸೀರೆಯ ಮೇಲೆ ಮಗಳು ಕಳಿಸಿದ ದಪ್ಪ ಜಾಕೆಟ್ಟು, ಕಾಲಿಗಿನ್ನೂ ಒಗ್ಗದ ಹೊಸ ಬೂಟು, ಯಜಮಾನರ ತಲೆಗೆ ಮಂಕಿಟೋಪಿ, ಹಗ್ಗ ಬಿಗಿದ ಎರಡು ಸೂಟ್‌ಕೇಸು. ಮಕ್ಕಳು ಇಲ್ಲಿ ಸಾಫ್ಟ್‌ವೇರಿನಲ್ಲೋ ಆಸ್ಪತ್ರೆಗಳಲ್ಲೋ ಕೆಲಸಕ್ಕಿದ್ದಾರೆ. ನೀವು ಬಾಣಂತನಕ್ಕೆ, ಮೊಮ್ಮಗುವನ್ನು ನೋಡಿಕೊಳ್ಳಲು, ಇಲ್ಲವೇ ಸುಮ್ಮನೆ ನೋಡಿಹೋಗಲು ಮೂರು ತಿಂಗಳ ವೀಸಾದ ಮೇಲೆ ಬಂದಿರುತ್ತೀರಿ. ‘ಹೇಗೂ ಬಂದಿದ್ದೀರಲ್ಲ, ಐರ್ಲೆಂಡ್ ತೋರಿಸ್ತೀವಿ’ ಎಂದು ಮಗ ಫೋನಿನಲ್ಲಿ ಒಂದು ಪಟ್ಟಿ ಸಿದ್ಧಮಾಡಿಟ್ಟಿರುತ್ತಾನೆ.

ಆ ಪಟ್ಟಿ ಹೇಗಿರುತ್ತದೆಂದು ಇಲ್ಲಿ ನೆಲೆಸಿರುವ ನನಗೆ ಗೊತ್ತು. ಶನಿವಾರ ಮೋಹರ್ ಬಂಡೆಗಳು, ಭಾನುವಾರ ಜೈಂಟ್ಸ್ ಕಾಸ್‌ವೇ, ಮುಂದಿನ ವಾರ ರಿಂಗ್ ಆಫ್ ಕೆರಿ. ಎಲ್ಲವೂ ಡಬ್ಲಿನ್ನಿನಿಂದ ಬೆಳಗ್ಗೆ ಹೊರಟು ಕತ್ತಲಾಗುವುದರೊಳಗೆ ವಾಪಸ್. ಡಬ್ಲಿನ್ ಪೂರ್ವ ತೀರದಲ್ಲಿದೆ, ಮೋಹರ್ ಇರುವುದು ಪಶ್ಚಿಮ ತೀರದಲ್ಲಿ. ಹನ್ನೆರಡು ಗಂಟೆಯ ಆ ಪ್ರವಾಸದಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಬಸ್ಸಿನ ಸೀಟಿನಲ್ಲೇ ಕಳೆಯುತ್ತದೆ. ಇಳಿದ ಮೇಲೆ ಗಾಳಿ, ಒಂದು ಫೋಟೊ, ಶೌಚಾಲಯದ ಸಾಲು, ಮತ್ತೆ ಬಸ್ಸು. ಮೊಣಕಾಲು ನೋವು ಮಾತ್ರ ಮನೆಯವರೆಗೂ ಜೊತೆಗೆ ಬರುತ್ತದೆ.

ನನ್ನ ಕೋರಿಕೆ ಇಷ್ಟೇ. ಮಕ್ಕಳಿಗೆ ‘ಈ ಓಡಾಟ ಬೇಡಪ್ಪ’ ಎಂದು ಹೇಳಿ. ಪಶ್ಚಿಮದ ಯಾವುದಾದರೂ ಒಂದು ಹಳ್ಳಿಯಲ್ಲಿ ನಾಲ್ಕೈದು ದಿನ ಇಳಿದುಕೊಳ್ಳಿ. ಅವರಿಗೆ ರಜೆ ಸಿಗದಿದ್ದರೆ ನಿಮ್ಮಿಬ್ಬರನ್ನೇ ಬಿಟ್ಟುಹೋಗಲಿ. ಇದನ್ನು ಧೈರ್ಯವಾಗಿ ಹೇಳಲು ಕಾರಣವಿದೆ. ನಿಮ್ಮಲ್ಲಿ ಬಹಳಷ್ಟು ಜನ ಹಳ್ಳಿಯಲ್ಲಿ ಹುಟ್ಟಿದವರು. ಕೊಟ್ಟಿಗೆ, ಬದು, ಗೋಮಾಳ, ಹರಕೆ, ಬರಗಾಲದ ಮಾತು, ಇವೆಲ್ಲ ನಿಮಗೆ ಪುಸ್ತಕ ಓದಿ ಬಂದದ್ದಲ್ಲ. ಐರ್ಲೆಂಡಿನಲ್ಲಿ ನೋಡಲು ತಾಜಮಹಲಿನಂಥದ್ದು ಯಾವುದೂ ಇಲ್ಲ. ಇರುವುದು ಹೊಲ, ಗೋಡೆ, ಕಲ್ಲು, ದನ, ಬಾವಿ, ಪಾಳುಮನೆ. ಇವುಗಳ ಅರ್ಥ ನಿಮಗೆ ಹೊಳೆದಷ್ಟು ಸುಲಭವಾಗಿ ನಿಮ್ಮ ಮಕ್ಕಳಿಗೆ ಹೊಳೆಯುವುದಿಲ್ಲ.

ಎಲ್ಲಿ ಇಳಿದುಕೊಳ್ಳಬೇಕು ಎಂದು ಕೇಳಿದರೆ ನಾನು ಹೇಳುವುದು ಕ್ಲೇರ್ ಕೌಂಟಿಯ ಬರೆನ್ ಸೀಮೆ. ಅದರ ಅಂಚಿಗೆ, ಗಾಲ್ವೇ ಕೌಂಟಿಯಲ್ಲಿರುವ ಕಿನ್ವಾರಾ, ಇಲ್ಲವೇ ಬ್ಯಾಲಿವಾನ್, ಡೂಲಿನ್, ಈ ಮೂರರಲ್ಲಿ ಯಾವ ಊರಾದರೂ ಆದೀತು. ಗಾಲ್ವೇಯಿಂದ ಹೊರಡುವ 350ನೇ ನಂಬರಿನ ಸರ್ಕಾರಿ ಬಸ್ಸು ಈ ಊರುಗಳನ್ನು ಹಾದು ಮೋಹರ್ ಬಂಡೆಗಳ ಬಾಗಿಲಿಗೇ ಹೋಗುತ್ತದೆ. ಕಾರು ಬೇಕೇ ಬೇಕೆಂದಿಲ್ಲ.

ಬರೆನ್ ಎಂದರೆ ಸುಣ್ಣಕಲ್ಲಿನ ಬೆಟ್ಟಗಳು. ಮೂವತ್ತು ಕೋಟಿ ವರ್ಷಗಳಿಗೂ ಹಿಂದೆ ಸಮುದ್ರದ ತಳವಾಗಿದ್ದ ನೆಲ. ಹಿಮಯುಗದ ಹಿಮನದಿಗಳು ಅದನ್ನು ಉಜ್ಜಿ ಉಜ್ಜಿ ಬೋಳಾಗಿಸಿವೆ. ದೂರದಿಂದ ನೋಡಿದರೆ ಇಲ್ಲಿ ಏನು ಬೆಳೆದೀತು ಎನಿಸುತ್ತದೆ. 1651ರಲ್ಲಿ ಇಂಗ್ಲೆಂಡಿನ ಕ್ರಾಂವೆಲ್‌ನ ಸೈನ್ಯದೊಂದಿಗೆ ಬಂದಿದ್ದ ಅಧಿಕಾರಿಯೊಬ್ಬ, ಒಬ್ಬನನ್ನು ಮುಳುಗಿಸಲು ನೀರಿಲ್ಲ, ನೇಣಿಗೆ ಮರವಿಲ್ಲ, ಹೂಳಲು ಮಣ್ಣಿಲ್ಲ ಎಂಬರ್ಥದಲ್ಲಿ ಈ ಸೀಮೆಯ ಬಗ್ಗೆ ಬರೆದಿಟ್ಟ. ಅವನ ಕಸುಬಿಗೆ ತಕ್ಕ ಹಾಗೆ ಅವನಿಗೆ ಕಂಡದ್ದು ಅಷ್ಟು. ನೀವು ಹತ್ತಿರ ಹೋಗಿ ಕಲ್ಲಿನ ಬಿರುಕುಗಳಲ್ಲಿ ಬಗ್ಗಿ ನೋಡಿ. ಮೇ ತಿಂಗಳಲ್ಲಿ ಅಚ್ಚ ನೀಲಿಯ ಜೆನ್ಶನ್ ಹೂ ಅರಳಿರುತ್ತದೆ. ಉತ್ತರ ಧ್ರುವದ ಕಡೆಯ ಸಸ್ಯವೂ ಮೆಡಿಟರೇನಿಯನ್ ಕಡೆಯ ಆರ್ಕಿಡ್ಡೂ ಇಲ್ಲಿ ಮಾರುದೂರದಲ್ಲಿ ಬೆಳೆಯುತ್ತವೆ. ಸಸ್ಯಶಾಸ್ತ್ರಜ್ಞರು ಜಗತ್ತಿನ ಮೂಲೆಮೂಲೆಗಳಿಂದ ಬಂದು ಇಲ್ಲಿ ಮಂಡಿಯೂರುತ್ತಾರೆ.

ಈ ಹೂಗಳು ಉಳಿದಿರುವುದು ದನಗಳಿಂದ. ಬೇರೆ ಕಡೆಗಳಲ್ಲಿ ಬೇಸಿಗೆಗೆ ದನಗಳನ್ನು ಬೆಟ್ಟಕ್ಕೆ ಹೊಡೆದು ಚಳಿಗಾಲಕ್ಕೆ ಕೆಳಗಿಳಿಸುತ್ತಾರಷ್ಟೆ. ಬರೆನ್ನಿನ ರೈತರದು ಉಲ್ಟಾ. ಅಕ್ಟೋಬರ್ ಕೊನೆಯಲ್ಲಿ ಇವರು ದನಗಳನ್ನು ಬೆಟ್ಟಕ್ಕೆ ಹತ್ತಿಸುತ್ತಾರೆ. ಸುಣ್ಣಕಲ್ಲು ಬೇಸಿಗೆಯ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ನೀರು ನಿಲ್ಲುವುದಿಲ್ಲವಾದ್ದರಿಂದ ದನ ಮಲಗಲು ಒಣ ಜಾಗ ಸಿಗುತ್ತದೆ. ಊಟೆಯ ನೀರಿನಲ್ಲಿ ಸುಣ್ಣದ ಅಂಶವೂ ಇದೆ. ದನಗಳು ಚಳಿಗಾಲವಿಡೀ ಒರಟು ಹುಲ್ಲನ್ನು ಮೇಯ್ದು ತೆಗೆದರೆ ವಸಂತದಲ್ಲಿ ಹೂಗಳಿಗೆ ಬೆಳಕು ದಕ್ಕುತ್ತದೆ. ಮೇಯಿಸುವುದು ನಿಂತ ಕಡೆ ಪೊದೆ ಎದ್ದು ಹೂ ಮಾಯವಾಗಿದೆ. ಪರಿಸರ ಉಳಿಸಬೇಕಾದರೆ ಬೇಲಿ ಹಾಕಿ ದನಗಳನ್ನು ಓಡಿಸಬೇಕು ಎಂದು ನಂಬಿದ್ದ ಅಧಿಕಾರಿಗಳಿಗೆ ಇಲ್ಲಿನ ರೈತರು ಪಾಠ ಹೇಳಬೇಕಾಯಿತು. ಈಗ ಸರ್ಕಾರವೇ ರೈತರಿಗೆ ಇದಕ್ಕಾಗಿ ಹಣ ಕೊಡುತ್ತದೆ. ದನ ಬೆಟ್ಟ ಹತ್ತುವ ದಿನವನ್ನು ಊರವರು ಹಬ್ಬ ಮಾಡುತ್ತಾರೆ. ಅಕ್ಟೋಬರಿನಲ್ಲಿ ಬರುವವರು ಅದನ್ನು ತಪ್ಪಿಸಿಕೊಳ್ಳಬೇಡಿ.

ಕಲ್ಲಿನ ಗೋಡೆಗಳನ್ನೂ ನೋಡಬೇಕು. ಸುಣ್ಣವಿಲ್ಲ, ಗಾರೆಯಿಲ್ಲ. ಕಲ್ಲಿನ ಮೇಲೆ ಕಲ್ಲು, ನಡುವೆ ಬೆಳಕು ತೂರುವಷ್ಟು ಸಂದು. ಅಟ್ಲಾಂಟಿಕ್ ಗಾಳಿಗೆ ಗಟ್ಟಿಗೋಡೆ ಉರುಳುತ್ತದೆ, ಸಂದು ಬಿಟ್ಟ ಗೋಡೆ ನಿಲ್ಲುತ್ತದೆ. ಎದುರಿನ ಅರಾನ್ ದ್ವೀಪಗಳಲ್ಲಂತೂ ಎಷ್ಟೋ ಹೊಲಗಳಿಗೆ ಗೇಟೇ ಇಲ್ಲ. ದನ ಒಳಗೆ ಬಿಡಬೇಕಾದಾಗ ಗೋಡೆಯ ಒಂದು ತುಂಡು ಕೆಡವಿ, ಬಿಟ್ಟಾದ ಮೇಲೆ ಮತ್ತೆ ಪೇರಿಸುತ್ತಾರೆ. ಆ ದ್ವೀಪಗಳಲ್ಲಿ ಮಣ್ಣನ್ನು ಕೂಡ ಜನರೇ ಮಾಡಿಕೊಂಡರು. ಬರಿಬಂಡೆಯ ಮೇಲೆ ಮರಳು ಮತ್ತು ಕಡಲಪಾಚಿಯನ್ನು ಬುಟ್ಟಿಗಟ್ಟಲೆ ಹೊತ್ತು ಸುರಿದು, ತಲೆಮಾರುಗಳ ಕಾಲ ಕಾದು, ಆಮೇಲೆ ಆಲೂಗಡ್ಡೆ ಬಿತ್ತಿದರು. ಹೊಲ ಮಾಡುವುದೆಂದರೇನೆಂದು ಬಲ್ಲ ನಿಮ್ಮಂಥವರು ಆ ಗೋಡೆಯ ಪಕ್ಕ ಹತ್ತು ನಿಮಿಷ ನಿಲ್ಲದೆ ಮುಂದೆ ಹೋಗಲಾರಿರಿ.

ಪೂಲ್‌ನಬ್ರೋನ್ ಎಂಬಲ್ಲಿ ಕಲ್ಲುಚಪ್ಪಡಿಗಳ ಸಮಾಧಿಯೊಂದಿದೆ. ಐದು ಸಾವಿರ ವರ್ಷಕ್ಕೂ ಹಳೆಯದು. 1980ರ ದಶಕದಲ್ಲಿ ಅಗೆದಾಗ ಮೂವತ್ತಕ್ಕೂ ಹೆಚ್ಚು ಜನರ ಮೂಳೆಗಳು ಸಿಕ್ಕವು. ನಮ್ಮ ಕೊಪ್ಪಳದ ಹಿರೇಬೆಣಕಲ್ಲಿನ ಕಲ್ಲುಮನೆಗಳನ್ನು ನೋಡಿದವರಿಗೆ ಇದರ ರೂಪ ಹೊಸದೆನಿಸದು. ಟಿಕೆಟ್ಟಿಲ್ಲ, ಕಾವಲಿಲ್ಲ, ಹಗ್ಗ ಕಟ್ಟಿದ್ದಾರೆ ಅಷ್ಟೆ.

ಮೋಹರ್ ಬಂಡೆಗಳಿಗೂ ಹೋಗಿ, ಬೇಡವೆನ್ನುವುದಿಲ್ಲ. 214 ಮೀಟರ್ ಎತ್ತರದಿಂದ ಅಟ್ಲಾಂಟಿಕ್ ನೋಡುವುದು ಸಣ್ಣ ಸಂಗತಿಯಲ್ಲ. ಆದರೆ ಮಧ್ಯಾಹ್ನ ಟೂರಿಸ್ಟ್ ಬಸ್ಸುಗಳು ಸಾಲುಗಟ್ಟಿರುವಾಗ ಬೇಡ. ಜೂನಿನಲ್ಲಿ ಈ ತೀರದಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಹೊತ್ತಿಗೆ. ಹತ್ತಿರದ ಊರಲ್ಲಿ ಇಳಿದುಕೊಂಡವರು ಬೇಗ ಊಟ ಮುಗಿಸಿ ಸಂಜೆ ನಿಧಾನವಾಗಿ ಹೋಗಬಹುದು. ಪಫಿನ್ ಹಕ್ಕಿಗಳು ಜುಲೈವರೆಗೂ ಇರುತ್ತವೆ. ಬಂಡೆಯಂಚಿನ ಕಾಲುದಾರಿಯ ಕೆಲವು ಭಾಗಗಳನ್ನು ಮುಚ್ಚಿರುತ್ತಾರೆ. ಫಲಕ ನೋಡಿ ನಡೆಯಿರಿ, ಸೆಲ್ಫಿಗೆಂದು ಅಂಚಿಗೆ ಹೋದವರು ಸತ್ತದ್ದುಂಟು.

ಬಂಡೆಗಳಿಂದ ಸ್ವಲ್ಪ ಕೆಳಗೆ, ಲಿಸ್ಕ್ಯಾನರ್ ದಾರಿಯಲ್ಲಿ, ಸಂತ ಬ್ರಿಜಿಡ್‌ಳ ಬಾವಿಯಿದೆ. ಎಷ್ಟೋ ಬಸ್ಸುಗಳು ಅದನ್ನು ದಾಟಿಯೇ ಹೋಗುತ್ತವೆ, ಅಲ್ಲಿ ನಿಲ್ಲಿಸುವವರು ಕಡಿಮೆ. ಗುಹೆಯಂಥ ಓಣಿಯ ಕೊನೆಯಲ್ಲಿ ನೀರು. ಗೋಡೆಯ ಉದ್ದಕ್ಕೂ ತೀರಿಹೋದವರ ಫೋಟೊ, ಜಪಮಾಲೆ, ಕೈಬರಹದ ಚೀಟಿ, ಮಕ್ಕಳ ಬೂಟು. ದೇಶದ ಹಲವು ಬಾವಿಗಳ ಪಕ್ಕದ ಮರಗಳಿಗೆ ಬಟ್ಟೆಯ ಚೂರು ಕಟ್ಟಿ ಹರಕೆ ಹೊರುತ್ತಾರೆ. ಬ್ರಿಜಿಡ್ ಕ್ರೈಸ್ತ ಸಂತಳಾಗುವ ಮೊದಲು ಅದೇ ಹೆಸರಿನ ದೇವತೆಯೊಬ್ಬಳಿದ್ದಳು. ಇಬ್ಬರೂ ಸೇರಿ ಒಬ್ಬಳಾದರು ಎನ್ನುವವರಿದ್ದಾರೆ. ಫೆಬ್ರವರಿ 1 ಅವಳ ದಿನ. 2023ರಿಂದ ಅವಳ ಹೆಸರಿನಲ್ಲಿ ಸಾರ್ವಜನಿಕ ರಜೆಯಿದೆ. ಅಲ್ಲಿ ಕೈಮುಗಿಯಬೇಕೇ ಬೇಡವೇ ಎಂದು ಮಕ್ಕಳನ್ನು ಕೇಳಬೇಡಿ. ನಿಮಗೆ ತೋಚಿದಂತೆ ಮಾಡಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಹೊಲದ ನಡುವೆ ಒಂಟಿಯಾಗಿ ನಿಂತ ಮುಳ್ಳಿನ ಹಾಥಾರ್ನ್ ಮರವನ್ನು ಕಂಡರೆ, ಟ್ರ್ಯಾಕ್ಟರು ಅದನ್ನು ಬಳಸಿಕೊಂಡು ಹೋದ ಗುರುತು ನೋಡಿ. ಅದು ಯಕ್ಷಿಣಿಯರ ಮರ, ಕಡಿಯಬಾರದು. ನಾಗಬನದ ವಿಷಯದಲ್ಲಿ ನಮ್ಮ ಕರಾವಳಿಯವರು ನಡೆದುಕೊಳ್ಳುವ ರೀತಿಯೇ ಇದು: ನಂಬುತ್ತೀರಾ ಎಂದರೆ ನಗುತ್ತಾರೆ, ಕಡಿಯುತ್ತೀರಾ ಎಂದರೆ ಮುಖ ತಿರುಗಿಸುತ್ತಾರೆ. 1999ರಲ್ಲಿ ಇದೇ ಕ್ಲೇರ್ ಕೌಂಟಿಯ ಲಾಟೂನ್ ಎಂಬಲ್ಲಿ ಹೆದ್ದಾರಿಗೆ ಅಂಥ ಒಂದು ಮರ ಅಡ್ಡ ಬಂದಾಗ ಎಡ್ಡಿ ಲೆನಿಹನ್ ಎಂಬ ಕಥೆಗಾರ ಪತ್ರಿಕೆಗಳಲ್ಲಿ ಗದ್ದಲವೆಬ್ಬಿಸಿದ. ಕೊನೆಗೆ ಮರವನ್ನು ಉಳಿಸಿಕೊಂಡೇ ರಸ್ತೆ ಮಾಡಿದರು.

ಇನ್ನು ಎಲ್ಲರೂ ಹೊಗಳುವ ಹಸಿರಿನ ವಿಷಯ. ಪಶ್ಚಿಮದ ಬೆಟ್ಟಗಳ ಇಳಿಜಾರಿನಲ್ಲಿ, ಸಂಜೆಯ ಓರೆ ಬಿಸಿಲಿನಲ್ಲಿ, ಹುಲ್ಲಿನ ಕೆಳಗೆ ಬಾಚಣಿಗೆ ಎಳೆದಂತೆ ಏರುಸಾಲುಗಳು ಕಾಣುತ್ತವೆ. ಯಾರೂ ಉಳುಮೆ ಮಾಡುತ್ತಿಲ್ಲ. ಅವು ಆಲೂಗಡ್ಡೆಗೆಂದು ಗುದ್ದಲಿಯಲ್ಲಿ ಎಬ್ಬಿಸಿದ ಸಾಲುಗಳು, ಎಷ್ಟೋ ಕಡೆ ನೂರೈವತ್ತು ವರ್ಷಗಳಿಗೂ ಹಿಂದಿನವು. ಬೆಟ್ಟದ ಅಷ್ಟು ಮೇಲೆ, ಮೇಕೆ ಹತ್ತಲು ಹಿಂಜರಿಯುವ ಜಾಗದಲ್ಲಿ ಯಾಕೆ ಬಿತ್ತಿದರು? ಕೆಳಗಿನ ಒಳ್ಳೆಯ ನೆಲವೆಲ್ಲ ಜಮೀನುದಾರರದಾಗಿತ್ತು. ಬಡವರಿಗೆ ಉಳಿದದ್ದು ಕಲ್ಲುನೆಲ, ಅದರಲ್ಲಿ ಒಂದು ಸಂಸಾರ ಹೊರೆಯುವಷ್ಟು ಬೆಳೆಯುತ್ತಿದ್ದದ್ದು ಆಲೂಗಡ್ಡೆಯೊಂದೇ. 1845ರಲ್ಲಿ ಅಂಗಮಾರಿ ಬಂತು. ಗಿಡಗಳು ದಿನಗಳಲ್ಲೇ ಕಪ್ಪಾಗಿ ಕೊಳೆತವು. ಮುಂದಿನ ಏಳು ವರ್ಷಗಳಲ್ಲಿ ಹತ್ತು ಲಕ್ಷ ಜನ ಹಸಿವಿನಿಂದಲೂ ರೋಗದಿಂದಲೂ ಸತ್ತರು, ಹತ್ತು ಲಕ್ಷಕ್ಕೂ ಹೆಚ್ಚು ಜನ ಹಡಗು ಹತ್ತಿದರು. ಅದೇ ವರ್ಷಗಳಲ್ಲಿ ಇದೇ ಬಂದರುಗಳಿಂದ ಧಾನ್ಯ, ದನ, ಬೆಣ್ಣೆ ಇಂಗ್ಲೆಂಡಿಗೆ ಹೋಗುತ್ತಲೇ ಇದ್ದವು.

1841ರ ಜನಗಣತಿಯಲ್ಲಿ ಈ ದ್ವೀಪದಲ್ಲಿ 81 ಲಕ್ಷಕ್ಕೂ ಹೆಚ್ಚು ಜನರಿದ್ದರು. ಉತ್ತರ ಮತ್ತು ದಕ್ಷಿಣ ಎರಡನ್ನೂ ಸೇರಿಸಿದರೂ ಇಂದಿಗೂ ಆ ಸಂಖ್ಯೆ ಮುಟ್ಟಿಲ್ಲ. ಯುರೋಪಿನಲ್ಲಿ ಇಂಥ ದೇಶ ಇನ್ನೊಂದು ಸಿಗುವುದು ಕಷ್ಟ. ‘ಎಷ್ಟು ಪ್ರಶಾಂತವಾಗಿದೆ, ಜನವೇ ಇಲ್ಲ’ ಎಂದು ಬಸ್ಸಿನಲ್ಲಿ ಯಾರಾದರೂ ಉದ್ಗರಿಸಿದಾಗ ನನಗೆ ಕಸಿವಿಸಿಯಾಗುತ್ತದೆ. ಆ್ಯಕಿಲ್ ದ್ವೀಪದ ಸ್ಲೀವ್‌ಮೋರ್ ಬೆಟ್ಟದ ಬುಡಕ್ಕೆ ಹೋಗಿಬನ್ನಿ. ಎಂಬತ್ತಕ್ಕೂ ಹೆಚ್ಚು ಕಲ್ಲುಮನೆಗಳು ಸಾಲಾಗಿ ನಿಂತಿವೆ, ಒಂದಕ್ಕೂ ಸೂರಿಲ್ಲ. ಬರಗಾಲ, ಒಕ್ಕಲೆಬ್ಬಿಸುವಿಕೆ, ವಲಸೆ, ಒಂದರ ಹಿಂದೆ ಒಂದು ಬಂದು ಊರು ಖಾಲಿಯಾಯಿತು. ಒಳಗೆ ಹೋದರೆ ಒಲೆಯ ಜಾಗ ಯಾವುದು, ಹಸು ಕಟ್ಟುತ್ತಿದ್ದ ಕಡೆ ಯಾವುದು ಎಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮ ಕಡೆಯೂ ಧಾತು ಸಂವತ್ಸರದ ಬರದ ಮಾತನ್ನು ಅಜ್ಜಿಯರ ಬಾಯಲ್ಲಿ ಕೇಳಿದವರು ನಿಮ್ಮಲ್ಲಿರಬಹುದು. 1876ರಿಂದ 78ರವರೆಗಿನ ಆ ಬರದಲ್ಲಿ ಮೈಸೂರು ಸಂಸ್ಥಾನ ಎಷ್ಟು ನಲುಗಿತೆಂದರೆ 1871ರಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ಕ್ಕೆ ಸುಮಾರು 42 ಲಕ್ಷಕ್ಕಿಳಿದಿತ್ತು. ಆಗಲೂ ಮದ್ರಾಸಿನ ಬಂದರಿನಿಂದ ಧಾನ್ಯ ಹೊರಗೆ ಹೋಗುತ್ತಿತ್ತು, ಆಗಲೂ ಆಳುತ್ತಿದ್ದವರು ಬ್ರಿಟಿಷರೇ. ಇದನ್ನು ಇಲ್ಲಿನ ರೈತನೊಬ್ಬನಿಗೆ ಹೇಳಿ ನೋಡಿ, ಮಾತು ತಾನಾಗಿ ಮುಂದುವರಿಯುತ್ತದೆ. ಇನ್ನೊಂದನ್ನೂ ಹೇಳಬಹುದು: ಐರ್ಲೆಂಡಿನ ಬರಕ್ಕೆ ಹೊರಗಿನಿಂದ ಮೊದಮೊದಲು ಬಂದ ನೆರವಿನಲ್ಲಿ ಕಲ್ಕತ್ತದಲ್ಲಿ ಸಂಗ್ರಹವಾದ ಹಣವೂ ಇತ್ತು.

ದಕ್ಷಿಣದ ಕಾರ್ಕ್ ನಗರದ ಬಳಿ ಕೋವ್ ಎಂಬ ಬಂದರು ಇದೆ. ಟೈಟಾನಿಕ್ ಕೊನೆಯದಾಗಿ ನಿಂತ ಊರು ಅದು ಎಂದು ಮಕ್ಕಳು ಕರೆದೊಯ್ಯುತ್ತಾರೆ. ಟೈಟಾನಿಕ್ ಇರಲಿ. 1848ರಿಂದ 1950ರವರೆಗೆ ಅರವತ್ತು ಲಕ್ಷ ಜನ ಐರ್ಲೆಂಡ್ ಬಿಟ್ಟರು, ಅವರಲ್ಲಿ ಇಪ್ಪತ್ತೈದು ಲಕ್ಷ ಜನ ಹೋದದ್ದು ಈ ಬಂದರಿನಿಂದ. ಹಡಗುಕಟ್ಟೆಯಲ್ಲಿ ಆ್ಯನಿ ಮೋರ್ ಎಂಬ ಹುಡುಗಿ ಇಬ್ಬರು ತಮ್ಮಂದಿರೊಂದಿಗೆ ನಿಂತ ಪ್ರತಿಮೆಯಿದೆ. 1892ರ ಜನವರಿ 1ರಂದು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ಬಾಗಿಲು ತೆರೆದಾಗ ಮೊದಲು ಒಳಗೆ ಹೋದವಳು ಅವಳು. ಮಗನೋ ಮಗಳೋ ಅಮೆರಿಕಕ್ಕೆ ಹೊರಡುವ ಹಿಂದಿನ ರಾತ್ರಿ ಹಳ್ಳಿಯ ಮನೆಗಳಲ್ಲಿ ‘ಅಮೆರಿಕನ್ ವೇಕ್’ ನಡೆಯುತ್ತಿತ್ತು. ಹೆಣ ಕಾಯುವ ರಾತ್ರಿ ನೆಂಟರಿಷ್ಟರು ಸೇರುವಂತೆಯೇ ಸೇರಿ, ಬೆಳಗಿನವರೆಗೆ ಹಾಡಿ, ಕುಣಿದು, ಅತ್ತು, ಬದುಕಿರುವ ಮಗುವನ್ನು ಕಳಿಸಿಕೊಡುತ್ತಿದ್ದರು. ಇನ್ನು ನೋಡುವುದಿಲ್ಲ ಎಂದು ಎರಡು ಕಡೆಯವರಿಗೂ ಗೊತ್ತಿರುತ್ತಿತ್ತು. ಕೆಂಪೇಗೌಡ ನಿಲ್ದಾಣದ ಗಾಜಿನ ಬಾಗಿಲಾಚೆ ನಿಂತು ಕೈಬೀಸಿದವರು ನೀವು. ವಾರಕ್ಕೆರಡು ಸಲ ವಿಡಿಯೊ ಕರೆ ಬರುತ್ತದೆ, ನಿಜ. ಆದರೂ ಕೋವ್‌ನ ವಸ್ತುಸಂಗ್ರಹಾಲಯದಲ್ಲಿ ನಿಮ್ಮ ಮೊಮ್ಮಗಳು ಟೈಟಾನಿಕ್ ಮಾದರಿ ನೋಡುತ್ತಿರುವಾಗ ನೀವು ಬೇರೆ ಗೋಡೆಯ ಮುಂದೆ ನಿಂತಿರುತ್ತೀರಿ ಎಂದು ನನ್ನ ಊಹೆ. ಮಕ್ಕಳನ್ನು ಹೊರಗೆ ಕಳಿಸಿ ಕಳಿಸಿ ಸವೆದ ದೇಶಕ್ಕೆ ಈಗ ನಿಮ್ಮ ಮಕ್ಕಳು ದುಡಿಯಲು ಬಂದಿದ್ದಾರೆ.

ಅರಾನ್ ದ್ವೀಪಗಳಲ್ಲೂ ಕನೆಮಾರಾದಲ್ಲೂ ಡಿಂಗಲ್ ತುದಿಯಲ್ಲೂ ರಸ್ತೆ ಫಲಕಗಳು ಐರಿಷ್ ಭಾಷೆಯಲ್ಲಿ ಮಾತ್ರ ಇರುತ್ತವೆ. ಇಂಗ್ಲಿಷ್ ಇಲ್ಲವಲ್ಲ ಎಂದು ಮಗ ಗೊಣಗಿದರೆ ಬೆಂಗಳೂರಿನ ನಾಮಫಲಕಗಳ ಜಗಳ ನೆನಪಿಸಿ. 2022ರ ಜನಗಣತಿಯಲ್ಲಿ ಐರಿಷ್ ಬರುತ್ತದೆ ಎಂದು ಬರೆಸಿದವರು ಸುಮಾರು 18.7 ಲಕ್ಷ. ಶಾಲೆಯ ಹೊರಗೆ ದಿನವೂ ಅದನ್ನು ಆಡುವವರು ಸುಮಾರು 72 ಸಾವಿರ ಮಾತ್ರ. ಬಹುತೇಕ ಎಲ್ಲ ಮಕ್ಕಳೂ ಶಾಲೆಯಲ್ಲಿ ಕಲಿಯುತ್ತಾರೆ, ಸಂವಿಧಾನದಲ್ಲಿ ಅದೇ ಮೊದಲ ಅಧಿಕೃತ ಭಾಷೆ, ಟಿವಿ ವಾಹಿನಿಯೂ ಇದೆ. ಮನೆಯಲ್ಲಿ ಆಡುವವರು ಕಡಿಮೆಯಾದರೆ ಇಷ್ಟೆಲ್ಲ ಇದ್ದೂ ಎಷ್ಟು ಕಷ್ಟವೆಂದು ಇಲ್ಲಿ ಕಣ್ಣಾರೆ ಕಾಣಬಹುದು. ಮೊಮ್ಮಗುವಿನೊಂದಿಗೆ ಇಂಗ್ಲಿಷಿನಲ್ಲಿ ಒದ್ದಾಡುತ್ತಿರುವ ಅಜ್ಜ ಅಜ್ಜಿಯರಿಗೆ ಇದಕ್ಕಿಂತ ಹೆಚ್ಚು ನಾನು ಹೇಳಬೇಕಿಲ್ಲ.

ಡಿಂಗಲ್ ತುದಿಯಿಂದ ಕಾಣುವ ಗ್ರೇಟ್ ಬ್ಲಾಸ್ಕೆಟ್ ದ್ವೀಪದಲ್ಲಿ ಇನ್ನೂರು ಜನ ಯಾವತ್ತೂ ಇರಲಿಲ್ಲವೆಂದು ಕಾಣುತ್ತದೆ. ಅಷ್ಟು ಜನರ ನಡುವಿನಿಂದ ಮೀನುಗಾರ ತೋಮಾಸ್ ಓ ಕ್ರಿಹನ್ 1929ರಲ್ಲಿ ತನ್ನ ಆತ್ಮಕಥೆ ಪ್ರಕಟಿಸಿದ. ಪೆಗ್ ಸೇಯರ್ಸ್ ಎಂಬ ಅಜ್ಜಿ ತನ್ನ ಬದುಕನ್ನು ಹೇಳಿ ಬರೆಸಿದಳು. ಬಿರುಗಾಳಿಯಲ್ಲಿ ಡಾಕ್ಟರು ಬರಲಾಗದೆ ಯುವಕನೊಬ್ಬ ಸತ್ತ ಮೇಲೆ ಉಳಿದವರೂ ಸೋತರು. 1953ರಲ್ಲಿ ಸರ್ಕಾರ ಅವರನ್ನು ದಡಕ್ಕೆ ಕರೆತಂದಿತು. ದಡದ ದೂನ್ ಕ್ವಿನ್ ಹಳ್ಳಿಯಲ್ಲಿ ಅವರ ನೆನಪಿಗೊಂದು ಕೇಂದ್ರವಿದೆ. ರಿಂಗ್ ಆಫ್ ಕೆರಿಯನ್ನು ಬಿಟ್ಟು ಇಲ್ಲಿಗೆ ಬಂದರೆ ನಷ್ಟವಿಲ್ಲ.

ಕುವೆಂಪು ಓದಿದವರಿಗೆ ಒಂದು ಅಡ್ಡಮಾತು. ಇಂಗ್ಲಿಷಿನಲ್ಲಿ ಕವನ ಬರೆಯುತ್ತಿದ್ದ ಹುಡುಗ ಪುಟ್ಟಪ್ಪನವರಿಗೆ ಮೈಸೂರಿನಲ್ಲಿ, ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದು ಬುದ್ಧಿ ಹೇಳಿದ ಜೇಮ್ಸ್ ಕಸಿನ್ಸ್ ಐರ್ಲೆಂಡಿನವರು, ಬೆಲ್‌ಫಾಸ್ಟಿನಲ್ಲಿ ಹುಟ್ಟಿದವರು, ಕವಿ ಯೇಟ್ಸ್ ಬಳಗದ ಸಾಹಿತ್ಯ ಪುನರುಜ್ಜೀವನದಲ್ಲಿ ಇದ್ದವರು. ಸ್ವತಃ ಬರೆದದ್ದು ಇಂಗ್ಲಿಷಿನಲ್ಲೇ. ಭಾಷೆ ಕೈಬಿಟ್ಟರೆ ಏನಾಗುತ್ತದೆಂದು ಕಂಡವರ ಮಾತಾದ್ದರಿಂದಲೇ ಅದಕ್ಕೆ ತೂಕವಿತ್ತೇನೋ. ಅವರ ಪತ್ನಿ ಮಾರ್ಗರೆಟ್ ಕಸಿನ್ಸ್ 1919ರಲ್ಲಿ ಮದನಪಲ್ಲಿಯಲ್ಲಿ ‘ಜನಗಣಮನ’ದ ಸ್ವರಲಿಪಿಗೆ ನೆರವಾದವರು. ರಾಸ್‌ಕಾಮನ್ ಕೌಂಟಿಯ ಬಾಯ್ಲ್ ಎಂಬ ಪುಟ್ಟ ಊರು ಆಕೆಯದು. ಯೇಟ್ಸ್ ಸಮಾಧಿ ನೋಡಲು ಸ್ಲೈಗೋಗೆ ರೈಲಿನಲ್ಲಿ ಹೊರಟರೆ ದಾರಿಯಲ್ಲೇ ಆ ನಿಲ್ದಾಣ ಬರುತ್ತದೆ.

ಸಂಜೆ ಪಬ್ಬಿಗೆ ಹೋಗಲೇಬೇಕು. ಅಮ್ಮಂದಿರು ಮುಖ ಸಿಂಡರಿಸಬೇಡಿ. ಹಳ್ಳಿಯ ಪಬ್ಬಿನಲ್ಲಿ ಮಕ್ಕಳೂ ಮುದುಕರೂ ಪಾದ್ರಿಯೂ ಕೂತಿರುತ್ತಾರೆ, ಚಹಾ ಕೇಳಿದರೂ ಸಾಮಾನ್ಯವಾಗಿ ಕೊಡುತ್ತಾರೆ. ಒಂಬತ್ತೂವರೆಯ ಹೊತ್ತಿಗೆ ಮೂಲೆಯ ಮೇಜಿಗೆ ಒಬ್ಬೊಬ್ಬರಾಗಿ ಬಂದು ಪಿಟೀಲು, ಕೊಳಲು, ಕಾನ್ಸರ್ಟೀನಾ ತೆಗೆಯುತ್ತಾರೆ. ವೇದಿಕೆಯಿಲ್ಲ, ಮೈಕಿಲ್ಲ. ಅವರು ನುಡಿಸುವುದು ಒಬ್ಬರಿಗೊಬ್ಬರು. ನಾವು ಕೇಳಿಸಿಕೊಳ್ಳಬಹುದು. ಅವರ ಕುರ್ಚಿಯಲ್ಲಿ ಕೂರಬೇಡಿ, ಚಪ್ಪಾಳೆಯಲ್ಲಿ ತಾಳ ಹಾಕಬೇಡಿ. ಯಾರಾದರೂ ಕಣ್ಣುಮುಚ್ಚಿ ವಾದ್ಯವಿಲ್ಲದೆ ಹಾಡಲು ಶುರುಮಾಡಿದರೆ ಬಾರಿನವನೂ ಗ್ಲಾಸಿನ ಸದ್ದು ನಿಲ್ಲಿಸುತ್ತಾನೆ. ಅದು ಶಾನ್‌ನೋಸ್ ಹಾಡಿಕೆ. ಗಮಕದ ಕಿವಿಯಿರುವವರಿಗೆ ಅಲ್ಲಿ ಏನು ನಡೆಯುತ್ತಿದೆಯೆಂದು ತಕ್ಷಣ ತಿಳಿಯುತ್ತದೆ. ಜುಲೈ ಮೊದಲಲ್ಲಿ ಇದ್ದರೆ ಕ್ಲೇರ್‌ನ ಮಿಲ್‌ಟೌನ್ ಮಾಲ್‌ಬೇ ಊರಿಗೆ ಹೋಗಿ. 1973ರಿಂದ ಅಲ್ಲಿ ವಿಲಿ ಕ್ಲ್ಯಾನ್ಸಿ ಹೆಸರಿನ ಬೇಸಿಗೆ ಸಂಗೀತ ಶಾಲೆ ನಡೆಯುತ್ತದೆ, ವಾರವಿಡೀ ಊರಿಗೆ ನಿದ್ದೆಯಿಲ್ಲ. ಡಬ್ಲಿನ್ನಿನ ಟೆಂಪಲ್ ಬಾರ್ ಬೀದಿಯಲ್ಲಿ ದುಬಾರಿ ಬೆಲೆಗೆ ಕೇಳಿಸುವುದನ್ನು ಕೇಳದಿದ್ದರೂ ನಡೆಯುತ್ತದೆ.

ಕ್ರಿಕೆಟ್ಟಿಗೆ ಒಗ್ಗಿದ ಅಪ್ಪಂದಿರು ಒಂದು ಹರ್ಲಿಂಗ್ ಪಂದ್ಯ ನೋಡಿ. ಆ್ಯಶ್ ಮರದ ಕೋಲು, ಚರ್ಮದ ಚೆಂಡು, ತಲೆಯ ಮೇಲೆ ಹಾರುವ ವೇಗ. ಹರ್ಲಿಂಗಿನಂಥ ಐರಿಷ್ ಆಟಗಳ ಸಂಘವನ್ನು 1884ರಲ್ಲಿ ಹುಟ್ಟುಹಾಕಿದವರಲ್ಲಿ ಮುಖ್ಯನಾದ ಮೈಕೆಲ್ ಕ್ಯೂಸಾಕ್ ಬರೆನ್ನಿನ ಕ್ಯಾರನ್ ಹಳ್ಳಿಯವನು. ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ 82 ಸಾವಿರ ಜನರ ಮುಂದೆ ಫೈನಲ್ ಆಡುವ ಹುಡುಗರಿಗೆ ಸಂಬಳವಿಲ್ಲ. ಸೋಮವಾರ ಅವರು ಮೇಷ್ಟರಾಗಿಯೋ ಎಲೆಕ್ಟ್ರಿಷಿಯನ್ ಆಗಿಯೋ ಕೆಲಸಕ್ಕೆ ಹೋಗುತ್ತಾರೆ. ಹುಟ್ಟಿದ ಊರಿನ ತಂಡಕ್ಕೇ ಆಡುವುದು ರೂಢಿ, ಹರಾಜೆಂಬುದಿಲ್ಲ. 2024ರ ಫೈನಲ್ಲಿನಲ್ಲಿ ಕ್ಲೇರ್ ಹೆಚ್ಚುವರಿ ಸಮಯದಲ್ಲಿ ಕಾರ್ಕ್ ತಂಡವನ್ನು ಒಂದೇ ಅಂಕದಿಂದ ಸೋಲಿಸಿತು. ಕ್ಲೇರ್‌ನಲ್ಲಿ ಯಾರೊಡನೆಯಾದರೂ ಮಾತು ಶುರುಮಾಡಲು ಅದಷ್ಟೇ ಸಾಕು.

ಯಾರಾದರೂ ಮನೆಗೆ ಕರೆದು ಚಹಾ ಬೇಕೇ ಎಂದರೆ ಮೊದಲ ಸಲ ಬೇಡವೆನ್ನಬೇಕು, ಎರಡನೇ ಸಲ ತೊಂದರೆ ಯಾಕೆ ಎನ್ನಬೇಕು, ಮೂರನೆಯ ಸಲ ಒಪ್ಪಬೇಕು. ಇಲ್ಲಿಯದೂ ಇದೇ ಕ್ರಮ. ನಿಮ್ಮ ಮಕ್ಕಳು ಆಫೀಸಿನ ಶಿಷ್ಟಾಚಾರ ಕಲಿತು ಮೊದಲ ಸಲವೇ ‘ಯೆಸ್ ಪ್ಲೀಸ್’ ಎಂದು ಆಟ ಕೆಡಿಸುತ್ತಾರೆ. ಚಹಾ ಗಟ್ಟಿ, ಹಾಲು ಹಾಕಿಯೇ ಕುಡಿಯುತ್ತಾರೆ. ಸಸ್ಯಾಹಾರಿಗಳಿಗೆ ಹಳ್ಳಿಯಲ್ಲಿ ಆಧಾರ ಎಂದರೆ ತರಕಾರಿ ಸೂಪು, ಸೋಡಾ ಹಾಕಿ ಸುಟ್ಟ ಕಂದು ಬ್ರೆಡ್ಡು, ದಪ್ಪನೆಯ ಬೆಣ್ಣೆ, ಆಲೂಗಡ್ಡೆ. ಸೂಪಿಗೆ ಕೋಳಿಯ ಸಾರು ಬೆರೆಸಿದ್ದಾರೆಯೇ ಎಂದು ಕೇಳಿಕೊಳ್ಳಿ. ಬೆಳಗಿನ ತಿಂಡಿಯ ತಟ್ಟೆಯಲ್ಲಿ ಪುಡಿಂಗ್ ಎಂದು ಕರಿಯ ಬಿಲ್ಲೆ ಇಟ್ಟರೆ ಸಿಹಿತಿಂಡಿಯೆಂದು ಬಾಯಿಗಿಡಬೇಡಿ, ಅದು ಹಂದಿಯ ರಕ್ತದ್ದು.

ಡಬ್ಲಿನ್ನಿಗೆ ಎರಡು ದಿನ ಸಾಕು. ಕಿಲ್ಡೇರ್ ಬೀದಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯವೂ ಮೊಗಲ್ ಚಿತ್ರಗಳಿರುವ ಚೆಸ್ಟರ್ ಬೀಟಿ ಸಂಗ್ರಹವೂ ಉಚಿತ. ಫೀನಿಕ್ಸ್ ಪಾರ್ಕಿನಲ್ಲಿ 62 ಮೀಟರಿನ ವೆಲಿಂಗ್ಟನ್ ಸ್ತಂಭವಿದೆ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದು, ಟಿಪ್ಪು ಸತ್ತ ಮೇಲೆ ದರಿಯಾ ದೌಲತ್ತಿನಲ್ಲಿ ವಾಸಮಾಡಿದ ಆರ್ಥರ್ ವೆಲ್ಲೆಸ್ಲಿಯೇ ಮುಂದೆ ವೆಲಿಂಗ್ಟನ್ ಎನಿಸಿಕೊಂಡವನು, ಡಬ್ಲಿನ್ನಿನಲ್ಲಿ ಹುಟ್ಟಿದವನು. ಸ್ತಂಭದ ಬುಡದಲ್ಲಿ ಭಾರತದ ಯುದ್ಧಗಳ ಕಂಚಿನ ಫಲಕವಿದೆ. ಮಂಡ್ಯ, ಮೈಸೂರು ಕಡೆಯವರು ಒಮ್ಮೆ ಸುತ್ತುಹಾಕಿ ಬನ್ನಿ. ನ್ಯೂಗ್ರೇಂಜ್ ಮಾತ್ರ ಬಿಡಬೇಡಿ: ಡಬ್ಲಿನ್ನಿಗೆ ಹತ್ತಿರದ, ಕ್ರಿ.ಪೂ. 3200ರ ಸುಮಾರಿನ ಕಲ್ಲುಗೋರಿ. ಚಳಿಗಾಲದ ಅಯನದ ಬೆಳಗ್ಗೆ ಬಾಗಿಲ ಮೇಲಿನ ಕಿಂಡಿಯಿಂದ ಸೂರ್ಯನ ಕಿರಣ 19 ಮೀಟರ್ ಒಳಗೆ ಹೋಗಿ ಹದಿನೇಳು ನಿಮಿಷ ಗರ್ಭವನ್ನು ಬೆಳಗುತ್ತದೆ. ಅದನ್ನು 1967ರಲ್ಲಿ ಮತ್ತೆ ಕಂಡುಕೊಂಡವರು ಪ್ರೊಫೆಸರ್ ಓಕೆಲಿ. ಟಿಕೆಟ್ ಮೊದಲೇ ಕಾದಿರಿಸಿ.

ಜೈಂಟ್ಸ್ ಕಾಸ್‌ವೇ ಇರುವುದು ಉತ್ತರ ಐರ್ಲೆಂಡಿನಲ್ಲಿ, ಅಂದರೆ ಬ್ರಿಟನ್ನಿನ ಆಡಳಿತದಲ್ಲಿ. ದಾರಿಯಲ್ಲಿ ಚೆಕ್‌ಪೋಸ್ಟ್ ಕಾಣದು, ಆದರೂ ನಿಮ್ಮ ಬಳಿ ಅದಕ್ಕೆ ಅನುಮತಿ ಇರಬೇಕು. ಮಕ್ಕಳು ‘ಏನಾಗಲ್ಲ ಬನ್ನಿ’ ಎಂದರೆ ಕೇಳಬೇಡಿ. ಅನುಮತಿ ಇಲ್ಲದಿದ್ದರೆ ಹೊಟ್ಟೆ ಉರಿಸಿಕೊಳ್ಳುವುದೂ ಬೇಡ. ಅಲ್ಲಿರುವುದು ಲಾವಾ ತಣಿದು ಆದ ಕಂಬಗಲ್ಲುಗಳು. ಸುಮಾರು ನಲವತ್ತು ಸಾವಿರವಿವೆ, ನಿಜ. ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದರೆ ಅಲ್ಲಿಯೂ ಲಾವಾದ ಕಂಬಗಲ್ಲುಗಳಿವೆ, ವಯಸ್ಸಿನಲ್ಲಿ ಇವಕ್ಕಿಂತ ಹಿರಿಯವು.

ಮಳೆಯ ಬಗ್ಗೆ ಹೆದರಿಸುವವರು ಬಹಳ. ಡಬ್ಲಿನ್ನಿನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 750 ಮಿ.ಮೀ., ಬೆಂಗಳೂರಿಗಿಂತ ಕಡಿಮೆ. ಪಶ್ಚಿಮದಲ್ಲಿ ಅದಕ್ಕಿಂತ ಹೆಚ್ಚು, ಆದರೆ ತೀರ್ಥಹಳ್ಳಿಯವರು ಅದನ್ನು ಮಳೆಯೆಂದು ಒಪ್ಪಲಾರರು. ಕಷ್ಟ ಕೊಡುವುದು ಗಾಳಿ. ಕೊಡೆ ತರಬೇಡಿ, ಮೊದಲ ದಿನವೇ ತಿರುಚಿಕೊಳ್ಳುತ್ತದೆ. ತಲೆ ಮುಚ್ಚುವ ಮಳೆಯಂಗಿ, ಹಿಡಿತವಿರುವ ಬೂಟು, ಒಂದು ಜೊತೆ ಹೆಚ್ಚಿನ ಕಾಲುಚೀಲ ಸಾಕು.

ಕೊನೆಗೆ ಸೂಟ್‌ಕೇಸಿನ ವಿಷಯ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸದ ಪದಾರ್ಥ ತರುವಂತಿಲ್ಲ. ಎಂದರೆ ಧಾರವಾಡ ಪೇಡೆ, ಬೆಳಗಾವಿ ಕುಂದಾ, ಮನೆಯಲ್ಲಿ ಕಾಸಿದ ತುಪ್ಪ, ಮೂರೂ ಕಸ್ಟಮ್ಸ್‌ನವರ ತೊಟ್ಟಿಗೆ. ತುಪ್ಪಕ್ಕೆ ದುಃಖಪಡಬೇಡಿ, ಇಲ್ಲಿನ ಬೆಣ್ಣೆ ಕಾಸಿ ನೋಡಿ. ಚಟ್ನಿಪುಡಿ, ಸಾರಿನ ಪುಡಿ, ಕೋಡುಬಳೆಗೆ ಅಡ್ಡಿಯಿಲ್ಲ. ಕೋಡುಬಳೆ ಸ್ವಲ್ಪ ಜಾಸ್ತಿಯೇ ಇರಲಿ, ಇಳಿದುಕೊಂಡ ಮನೆಯೊಡತಿಗೆ ಕೊಡಲು ಬೇಕಾಗುತ್ತದೆ.

ಇಂತು,
ಗಾಲ್ವೇ ಕಡೆಯ ಒಬ್ಬ ಕನ್ನಡಿಗ